ಪುಡಿಗೆ ಬಗ್ಗದ ಹಳದಿ ಇರುವೆ
ಚನ್ನಗಿರಿಯ ಅಡಿಕೆ ತೋಟದಲ್ಲಿ ಎಷ್ಟು ಇರುವೆ ಪುಡಿ ಎರಚಿದರೂ ಉದ್ದಕಾಲಿನ ಹಳದಿ ಇರುವೆ ಮತ್ತೆ ಬರುತ್ತವೆ, ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪದಲ್ಲಿ ಇವನ್ನು ಹೇಗೆ ತಡೆದರು ಎಂದು ಕೇಳಿದ್ದೀರಿ.

ಪುಡಿಗೆ ಸಾಯುವುದು ಹೊರಗೆ ಓಡಾಡುವ ಇರುವೆ ಮಾತ್ರ. ಗೂಡಿನಲ್ಲಿ ಹಲವು ರಾಣಿಗಳು ಆರಾಮಾಗಿರುತ್ತವೆ. ಆ ದ್ವೀಪದಲ್ಲಿ ಹೆಲಿಕಾಪ್ಟರಿನಿಂದ ಫಿಪ್ರೊನಿಲ್ ಎಂಬ ಕೀಟನಾಶಕ ಬೆರೆಸಿದ ತಿನಿಸು ಉದುರಿಸಿದರು. 2016ರಲ್ಲಿ, ಇರುವೆಗೆ ಸಿಹಿಯಂಟು ಒದಗಿಸುವ ಅರಗಿನ ಕೀಟವನ್ನೇ ಕೊಲ್ಲುವ ಮಲೇಷ್ಯಾದ ಪುಟ್ಟ ಕಣಜ ಬಿಟ್ಟರು. ನನ್ನ ಮಟ್ಟಿಗೆ ಜಾಣತನ ಇದೇ.

ಹಾಗಾಗಿ ಮೊದಲು, ಇರುವೆಗೆ ಅಂಥದೇ ಸಿಹಿಯಂಟು ಕೊಡುವ ತೋಟದ ಹಿಟ್ಟುತಿಗಣೆ ಹುಡುಕಿ ತೆಗೆಯಿರಿ. ಆಮೇಲೆ ಲೀಟರ್ ನೀರಿಗೆ 250 ಗ್ರಾಂ ಸಕ್ಕರೆ, 10 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಹತ್ತಿ ಅದ್ದಿ, 3 ಮಿ.ಮೀ. ತೂತಿನ ಮುಚ್ಚಿದ ಡಬ್ಬಿಯಲ್ಲಿಡಿ. ತೂತು ದೊಡ್ಡದಾದರೆ ಜೇನುನೊಣ ನುಗ್ಗುತ್ತದೆ. ಆಮ್ಲ ಹೆಚ್ಚಾದರೆ ಇರುವೆ ಗೂಡು ಮುಟ್ಟುವ ಮೊದಲೇ ಸಾಯುತ್ತದೆ, ರಾಣಿಗೆ ವಿಷ ತಲುಪುವುದಿಲ್ಲ. ಹತ್ತಿ ಒಣಗುವ ಮೊದಲು ಬದಲಿಸಿ, ವಾರಗಟ್ಟಲೆ ಇಡಿ. ಮಕ್ಕಳು, ದನ ಮುಟ್ಟದ ಕಡೆ.