ಓದುಗರ ಪ್ರಶ್ನೆ: ಕ್ಯೂಗೆ ಹೋದ ಸಂದೇಶ, ಕೆಂಪಾದ ಟೆಸ್ಟ್

ಪ್ರಶ್ನೆ: ಸಕ್ಕರೆ ಕಾರ್ಖಾನೆಗಳಿಗೆ ತಂತ್ರಾಂಶ ಮಾಡಿಕೊಡುವ ಸಣ್ಣ ತಂಡ ನಮ್ಮದು. ಕಾಟಾದ ಮೇಲೆ ಕಬ್ಬಿನ ಗಾಡಿ ತೂಗಿದ ಕೂಡಲೇ ಚೀಟಿಯ ವಿವರ ಆಕ್ಟಿವ್‌ಎಂಕ್ಯೂ ಎಂಬ ಬ್ರೋಕರಿನ (ಸಂದೇಶ ಹಿಡಿದಿಟ್ಟು ತಲುಪಿಸುವ ತಂತ್ರಾಂಶ) ಕ್ಯೂಗೆ, ಅಂದರೆ ಸಂದೇಶಗಳ ಸರದಿಗೆ, ಹೋಗುತ್ತದೆ. ಮೆಸೇಜ್ ಡ್ರಿವನ್ ಬೀನ್ (ಸಂದೇಶ ಬಂದಾಗ ತಾನೇ ಓಡುವ ಜಾವಾ ಕೋಡ್) ಅದನ್ನು ಓದಿ ರೈತರ ಖಾತೆಗೆ ಬಿಲ್ ಬರೆಯುತ್ತದೆ. ಟೆಸ್ಟ್‌ನಲ್ಲಿ ಸಂದೇಶ ಕಳಿಸಿ, 5 ಸೆಕೆಂಡ್ ಸ್ಲೀಪ್ (ಸುಮ್ಮನೆ ಕಾಯುವ ಆದೇಶ) ಹಾಕಿ, ಡೇಟಾಬೇಸ್ ನೋಡುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಪಾಸು, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್‌ನಲ್ಲಿ ಆಗಾಗ ಫೇಲು. 10 ಸೆಕೆಂಡ್ ಮಾಡಲೇ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡ. ಫೇಲಾಗುವುದು ಕಡಿಮೆಯಾದೀತು, ನಿಲ್ಲುವುದಿಲ್ಲ. ಇಂಥ 120 ಟೆಸ್ಟ್ ಇದ್ದರೆ ಬಿಲ್ಡ್ (ಕೋಡ್ ಕಟ್ಟಿ ಟೆಸ್ಟ್ ಓಡಿಸುವ ಕೆಲಸ) ಬರೀ ನಿದ್ದೆಯಲ್ಲೇ 20 ನಿಮಿಷ ಕಳೆಯುತ್ತದೆ. ಸಂದೇಶ ಓದುವುದು ಬೇರೆ ಥ್ರೆಡ್, ಅಂದರೆ ಟೆಸ್ಟ್‌ನ ಜೊತೆಜೊತೆಗೆ ಬೇರೆಯಾಗಿ ಓಡುವ ಕೆಲಸದ ಎಳೆ. ಜೆಂಕಿನ್ಸ್ ಯಂತ್ರದಲ್ಲಿ ಇನ್ನೊಂದು ಬಿಲ್ಡ್ ಓಡುತ್ತಿದ್ದರೆ ಅದರ ಸರದಿ ಯಾವಾಗ ಬಂದೀತೆಂದು ಗಡಿಯಾರ ನೋಡಿ ಹೇಳಲಾಗದು.

ಮೊದಲು ಲೆಕ್ಕವನ್ನು ಬೀನಿನಿಂದ ಹೊರಗೆ ತೆಗೆಯಿರಿ. ಬೀನಿನಲ್ಲಿ ಸಂದೇಶ ಬಂದಾಗ ಓಡುವ ಆನ್‌ಮೆಸೇಜ್‌ನಲ್ಲಿ ಮೂರು-ನಾಲ್ಕು ಸಾಲು ಸಾಕು: ಸಂದೇಶ ಬಿಚ್ಚುವುದು, ಚೀಟಿಯ ಆಬ್ಜೆಕ್ಟ್ ಮಾಡುವುದು, ಬಿಲ್ ಕ್ಲಾಸಿಗೆ ಕೊಡುವುದು. ತುಂಬಿದ ಗಾಡಿ 24,380 ಕಿಲೋ, ಖಾಲಿ 8,140 ಕಿಲೋ ಇದ್ದರೆ ನಿವ್ವಳ 16,240 ಬರಬೇಕು. ಖಾಲಿ ತೂಕವೇ ಹೆಚ್ಚಿದ್ದರೆ ತಿರಸ್ಕಾರವಾಗಬೇಕು. ಇವನ್ನೆಲ್ಲ ಬ್ರೋಕರ್ ಇಲ್ಲದೆ, ಸಾದಾ ಜೆಯುನಿಟ್‌ನಲ್ಲಿ (ಜಾವಾ ಟೆಸ್ಟ್ ಬರೆಯುವ ಸಾಧನ), ಮಿಲಿಸೆಕೆಂಡುಗಳಲ್ಲಿ ಮುಗಿಸಬಹುದು. ನಿಮ್ಮ ಟೆಸ್ಟ್‌ಗಳಲ್ಲಿ ಬಹುಪಾಲು ಇಲ್ಲಿಗೇ ಸೇರಬೇಕಾದವು.

ಸಂದೇಶ ನಿಜಕ್ಕೂ ತಲುಪುತ್ತದೆಯೇ ಎಂದು ನೋಡುವ ಐದಾರು ಟೆಸ್ಟ್‌ಗೆ ಮಾತ್ರ ಬ್ರೋಕರ್ ಬೇಕು. ಅಲ್ಲಿ ಸ್ಲೀಪ್ ಬದಲು ಅವೈಟಿಲಿಟಿ ಎಂಬ ಜಾವಾ ಲೈಬ್ರರಿ ಬಳಸಿ. ಅದು ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ಕೇಳಿ ನೋಡುತ್ತದೆ, 10 ಸೆಕೆಂಡಿಗೆ ಕೈಬಿಡುತ್ತದೆ, ಎರಡನ್ನೂ ಬದಲಿಸಬಹುದು. ಬಿಲ್ 300 ಮಿಲಿಸೆಕೆಂಡಿನಲ್ಲಿ ಬಂದರೆ ಟೆಸ್ಟೂ ಆಗಲೇ ಮುಗಿಯುತ್ತದೆ, ಹಾಗಾಗಿ ಗಡುವನ್ನು 30 ಸೆಕೆಂಡ್ ಇಟ್ಟರೂ ನಷ್ಟವಿಲ್ಲ.

ಇಲ್ಲೊಂದು ಎಡವಿ ಬೀಳುವ ಗುಂಡಿಯಿದೆ. ಪ್ರತಿ ಸಲ ಹೊಸ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ಆಗುವ ಅಥವಾ ಒಟ್ಟಿಗೇ ರದ್ದಾಗುವ ಡೇಟಾಬೇಸ್ ಕೆಲಸಗಳ ಕಟ್ಟು) ಓದಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೊಡಿಬಿ ಎಂಜಿನ್ ಡೀಫಾಲ್ಟ್ ಆಗಿ ರಿಪೀಟಬಲ್ ರೀಡ್‌ನಲ್ಲಿರುತ್ತದೆ: ಮೊದಲ ಓದಿನಲ್ಲಿ ಕಂಡದ್ದನ್ನೇ ಟ್ರಾನ್ಸಾಕ್ಷನ್ ಮುಗಿಯುವವರೆಗೂ ತೋರಿಸುತ್ತದೆ. ಆಚೆ ಬಿಲ್ ಬರೆದಾಗಿರುತ್ತದೆ, ಈಚೆ ನೀವು ನೂರು ಸಲ ಕೇಳಿದರೂ ‘ಇಲ್ಲ’ ಎಂಬ ಉತ್ತರವೇ. ‘ಟೇಬಲ್‌ನಲ್ಲಿ ಒಂದು ಸಾಲಿದೆ’ ಎಂದು ಎಣಿಸುವುದನ್ನೂ ಬಿಡಿ. ಪ್ರತಿ ಟೆಸ್ಟ್‌ಗೂ ಹೊಸ ಚೀಟಿ ಸಂಖ್ಯೆ ಕೊಟ್ಟು ಅದನ್ನೇ ಹುಡುಕಿ.

ಪ್ರಶ್ನೆ: ಸ್ಪ್ರಿಂಗ್ (ಜಾವಾ ಚೌಕಟ್ಟು) ಟೆಸ್ಟ್‌ಗೆ ಟ್ರಾನ್ಸಾಕ್ಷನಲ್ ಎಂಬ ಗುರುತು ಹಾಕಿದ್ದೇನೆ. ಸಂದೇಶ ಕಳಿಸಿದ್ದು ಲಾಗ್‌ನಲ್ಲಿದೆ, ಆದರೆ ಅದನ್ನು ಓದಬೇಕಾದ ಲಿಸನರ್‌ಗೆ ಮುಟ್ಟುವುದೇ ಇಲ್ಲ.
— ಓದುಗರು, ಜಮಖಂಡಿ

ಉತ್ತರ: ಸಂದೇಶ ಕಳಿಸುವ ನಿಮ್ಮ ಜೆಎಂಎಸ್ ಟೆಂಪ್ಲೇಟ್‌ನಲ್ಲಿ ಸೆಷನ್ ಟ್ರಾನ್ಸಾಕ್ಟೆಡ್ ಎಂಬ ಸೆಟ್ಟಿಂಗ್ ಆನ್ ಆಗಿರುವಂತಿದೆ. ಆಗ ಕಳಿಸುವ ಕೆಲಸವೂ ಟೆಸ್ಟ್‌ನ ಟ್ರಾನ್ಸಾಕ್ಷನ್‌ಗೆ ಸೇರಿಕೊಳ್ಳುತ್ತದೆ. ಕಮಿಟ್ ಆಗದೆ, ಅಂದರೆ ಕೆಲಸ ಖಾಯಂ ಆಗದೆ, ಸಂದೇಶ ಹೊರಡದು. ಟೆಸ್ಟ್ ಮುಗಿದಾಗ ಸ್ಪ್ರಿಂಗ್ ಮಾಡುವುದು ರೋಲ್‌ಬ್ಯಾಕ್, ಅಂದರೆ ಎಲ್ಲವನ್ನೂ ರದ್ದು. ಟೆಸ್ಟ್‌ನೊಳಗೆ ಸೇರಿಸಿದ ರೈತರ ದಾಖಲೆಯೂ ಇದೇ ಕಾರಣಕ್ಕೆ ಲಿಸನರ್ ಥ್ರೆಡ್‌ಗೆ ಕಾಣುವುದಿಲ್ಲ. ಇಂಥ ಟೆಸ್ಟ್‌ನಿಂದ ಆ ಗುರುತನ್ನು ತೆಗೆದು, ಡೇಟಾ ಕಮಿಟ್ ಮಾಡಿ, ಕೊನೆಗೆ ನೀವೇ ಅಳಿಸಿ.

ಪ್ರಶ್ನೆ: ಒಂದೇ ಚೀಟಿ ಎರಡು ಸಲ ಬಂದರೆ ಎರಡನೇ ಬಿಲ್ ಆಗಬಾರದು. ಏನೋ ‘ಆಗಲಿಲ್ಲ’ ಎಂದು ಟೆಸ್ಟ್ ಮಾಡುವುದು ಹೇಗೆ? ಎಷ್ಟು ಹೊತ್ತು ಕಾಯಬೇಕು?
— ಓದುಗರು, ವಿಜಯಪುರ

ಉತ್ತರ: ಒಳ್ಳೆಯ ಪ್ರಶ್ನೆ, ಹಲವರು ಇಲ್ಲೂ ಸ್ಲೀಪ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಂದೇ ಚೀಟಿಯನ್ನು ಎರಡು ಸಲ ಕಳಿಸಿ, ಅದರ ಹಿಂದೆಯೇ ಬೇರೆ ಸಂಖ್ಯೆಯ ಮೂರನೇ ಚೀಟಿ ಕಳಿಸಿ. ಮೂರನೆಯದರ ಬಿಲ್ ಕಾಣುವವರೆಗೆ ಕಾಯಿರಿ. ಅದು ಬಂತೆಂದರೆ ಅದಕ್ಕೂ ಮೊದಲು ಕಳಿಸಿದ ಎರಡೂ ದಾಟಿವೆ. ಈಗ ಮೊದಲ ಸಂಖ್ಯೆಯ ಬಿಲ್ ಎಷ್ಟಿವೆ ಎಂದು ಎಣಿಸಿ, ಒಂದೇ ಇರಬೇಕು. ಈ ಉಪಾಯ ನಡೆಯುವುದು ಓದುವವನು ಒಬ್ಬನೇ ಇದ್ದಾಗ. ಐದು ಕನ್ಸ್ಯೂಮರ್ (ಓದುವವರು) ಇದ್ದರೆ ಸರದಿಯ ಭರವಸೆ ಇಲ್ಲ, ಆದ್ದರಿಂದ ಟೆಸ್ಟ್‌ನಲ್ಲಿ ಕನ್‌ಕರೆನ್ಸಿ (ಒಟ್ಟಿಗೆ ಓದುವವರ ಸಂಖ್ಯೆ) 1 ಇಡಿ.

ಕೋಡ್‌ನಲ್ಲಿ ‘ಮೊದಲು ಹುಡುಕು, ಇಲ್ಲದಿದ್ದರೆ ಸೇರಿಸು’ ಎಂದಷ್ಟೇ ಬರೆದಿದ್ದರೆ ಈ ಟೆಸ್ಟ್ ಪಾಸಾಗುತ್ತದೆ, ಹಂಗಾಮಿನಲ್ಲಿ ಕೈಕೊಡುತ್ತದೆ: ಇಬ್ಬರು ಕನ್ಸ್ಯೂಮರ್‌ಗಳು ಒಂದೇ ಕ್ಷಣಕ್ಕೆ ಹುಡುಕಿ, ಇಬ್ಬರೂ ಸೇರಿಸುತ್ತಾರೆ. ಚೀಟಿ ಸಂಖ್ಯೆಗೆ ಡೇಟಾಬೇಸ್‌ನಲ್ಲೇ ಯುನೀಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಲ ಬರಬಾರದೆಂಬ ನಿಯಮ) ಹಾಕಿ.

ಕೆಟ್ಟ ಸಂದೇಶದ ಟೆಸ್ಟ್‌ಗೂ ಇದೇ ಜಾಗ್ರತೆ ಬೇಕು. ಆಕ್ಟಿವ್‌ಎಂಕ್ಯೂ ಕ್ಲಾಸಿಕ್ ಸೋತ ಸಂದೇಶವನ್ನು ಡೀಫಾಲ್ಟ್ ಆಗಿ 6 ಸಲ, ಸೆಕೆಂಡಿನ ಅಂತರದಲ್ಲಿ, ಮತ್ತೆ ಕೊಟ್ಟು ಆಮೇಲೆ ಡೆಡ್ ಲೆಟರ್ ಕ್ಯೂಗೆ (ಸೋತ ಸಂದೇಶಗಳನ್ನು ಎತ್ತಿಡುವ ಕ್ಯೂ) ಹಾಕುತ್ತದೆ. ಟೆಸ್ಟ್‌ನಲ್ಲಿ ಈ 6ನ್ನು 1ಕ್ಕೆ ಇಳಿಸಿ. ಡೆಡ್ ಲೆಟರ್ ಕ್ಯೂನಿಂದ ಓದುವಾಗ ರಿಸೀವ್ ಕರೆಗೆ 5000 ಮಿಲಿಸೆಕೆಂಡ್ ಎಂದು ಗಡುವು ಕೊಡಿ. ಖಾಲಿ ಬಿಟ್ಟರೆ, ಅಥವಾ 0 ಕೊಟ್ಟರೆ, ಸಂದೇಶ ಬರುವವರೆಗೂ ಕೂತೇ ಇರುತ್ತದೆ.

ಪ್ರಶ್ನೆ: ಕಾಫ್ಕಾದಲ್ಲಿ (ಇನ್ನೊಂದು ಸಂದೇಶ ಬ್ರೋಕರ್) ಟೆಸ್ಟ್ ಕನ್ಸ್ಯೂಮರ್‌ಗೆ ಮೊದಲ ಸಂದೇಶವೇ ಸಿಗುತ್ತಿಲ್ಲ.
— ಓದುಗರು, ಬಾಗಲಕೋಟೆ

ಉತ್ತರ: ಕನ್ಸ್ಯೂಮರ್ ಸೇರುವ ಮೊದಲೇ ನೀವು ಕಳಿಸಿರುತ್ತೀರಿ. ಹೊಸಬ ಎಲ್ಲಿಂದ ಓದಬೇಕೆಂದು ಹೇಳುವ ಆಟೋ ಆಫ್‌ಸೆಟ್ ರೀಸೆಟ್ ಡೀಫಾಲ್ಟ್ ಆಗಿ ಲೇಟೆಸ್ಟ್, ಅಂದರೆ ಸೇರಿದ ಮೇಲೆ ಬಂದವು ಮಾತ್ರ. ಅದನ್ನು ಅರ್ಲಿಯೆಸ್ಟ್ (ಮೊದಲಿನಿಂದ) ಮಾಡಿ. ಜೊತೆಗೆ ಪ್ರತಿ ಟೆಸ್ಟ್‌ಗೂ ಹೊಸ ಗ್ರೂಪ್ ಐಡಿ (ಕನ್ಸ್ಯೂಮರ್ ಗುಂಪಿನ ಹೆಸರು) ಕೊಡಿ. ಹಳೆಯದನ್ನೇ ಬಳಸಿದರೆ ಉಳಿಸಿಟ್ಟ ಆಫ್‌ಸೆಟ್‌ನಿಂದ (ಹಿಂದೆ ಓದಿ ನಿಲ್ಲಿಸಿದ ಜಾಗ) ಓದು ಮುಂದುವರಿಯುತ್ತದೆ, ಅರ್ಲಿಯೆಸ್ಟ್ ಲೆಕ್ಕಕ್ಕೇ ಬರುವುದಿಲ್ಲ.