ಹುಬ್ಬಳ್ಳಿಯಿಂದ ಬಂದ ದುಡ್ಡು ವಾಪಸ್ ಹೋಯಿತು!

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ಇದೆ. ಬಿಲ್ಲು, ಬಾಕಿ ಎಲ್ಲ ಟ್ಯಾಲಿ ಪ್ರೈಮ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲೇ. ಸಿಂಡಿಕೇಟ್ ಬ್ಯಾಂಕಿನಲ್ಲಿದ್ದ ಕರೆಂಟ್ ಖಾತೆ ಈಗ ಕೆನರಾದ್ದು. ಪೇಟೆಯ ಸಹಕಾರಿ ಬ್ಯಾಂಕಿನಲ್ಲಿ ಸಿ.ಸಿ. (ಕ್ಯಾಶ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ) ಸಾಲದ ಖಾತೆಯೂ ಉಂಟು. ಎರಡಕ್ಕೂ ಸೇರಿಸಿ 'ಬ್ಯಾಂಕ್' ಅಂತ ಒಂದೇ ಲೆಡ್ಜರ್ (ಲೆಕ್ಕದ ಪುಟ) ಮಾಡಿಕೊಂಡಿದ್ದೇವೆ. ಹೋದ ವಾರ ಹುಬ್ಬಳ್ಳಿಯ ಹೊಸ ಪಾರ್ಟಿಯೊಬ್ಬರು ಬಿಲ್ಲು ನೋಡಿ ಕಳಿಸಿದ ದುಡ್ಡು ಅವರಿಗೇ ವಾಪಸ್ ಹೋಯಿತಂತೆ. ಹಳಬರದ್ದು ಬರುತ್ತಿದೆ. ಎಲ್ಲಿ ತಪ್ಪಿದೆವು?
— ಓದುಗರು, ತೀರ್ಥಹಳ್ಳಿ

ಉತ್ತರ: ಬಿಲ್ಲಿನಲ್ಲಿರುವ ಐಎಫ್‌ಎಸ್‌ಸಿ ಕೋಡ್ ನೋಡಿ, ಅಂದರೆ ದುಡ್ಡು ಯಾವ ಬ್ಯಾಂಕಿನ ಯಾವ ಶಾಖೆಗೆ ಹೋಗಬೇಕು ಅಂತ ಹೇಳುವ ಕೋಡ್. 'ಎಸ್‌ವೈಎನ್‌ಬಿ' ಅಂತ ಶುರುವಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾಗೆ ಸೇರಿತು, ಹಳೇ ಕೋಡ್‌ಗಳು 2021ರ ಜುಲೈ 1ರಿಂದ ನಿಂತೇ ಹೋದವು. ಈಗ 'ಸಿಎನ್‌ಆರ್‌ಬಿ' ಅಂತ ಶುರುವಾಗುವ ಕೋಡ್ ಬೇಕು. ಹಳೇ ಪಾರ್ಟಿಗಳು ಯಾವತ್ತೋ ಫೋನ್ ಮಾಡಿ ಸರಿ ಮಾಡಿಕೊಂಡಿರಬೇಕು, ಇಲ್ಲಾ ಯುಪಿಐನಲ್ಲಿ ಹಾಕುತ್ತಿರಬೇಕು. ನಿಮ್ಮ ಟ್ಯಾಲಿ ಮಾತ್ರ ಪ್ರತಿ ಬಿಲ್ಲಿನಲ್ಲೂ ನಿಂತುಹೋದ ಕೋಡನ್ನೇ ಅಚ್ಚು ಹಾಕುತ್ತಿದೆ. ವಿಜಯಾ, ಕಾರ್ಪೊರೇಷನ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಖಾತೆ ಇದ್ದವರೂ ಒಮ್ಮೆ ನೋಡಿಕೊಳ್ಳಿ, ನಮ್ಮ ಕಡೆ ಅವರೇನು ಕಮ್ಮಿ ಇಲ್ಲ.

ಕೋಡ್‌ನಲ್ಲಿ ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಕೊನೆಯ ಆರು ಶಾಖೆಯದು. ಐದನೆಯದು ಸೊನ್ನೆ, ಇಂಗ್ಲಿಷಿನ 'ಓ' ಅಲ್ಲ. ನಾನೇ ಒಂದು ಸಲ 'ಓ' ಹೊಡೆದು, ತಪ್ಪೆಲ್ಲಿ ಅಂತ ಅರ್ಧ ದಿನ ಹುಡುಕಿದ್ದೇನೆ.

ಕೋಡ್ ತಪ್ಪಿದ್ದಕ್ಕೆ ದುಡ್ಡು ವಾಪಸ್ ಹೋಯಿತು, ಅದು ಪುಣ್ಯ. ಖಾತೆ ನಂಬರ್ ತಪ್ಪಿ, ಆ ನಂಬರಿನಲ್ಲಿ ಬೇರೆ ಯಾರದ್ದೋ ಖಾತೆ ಇದ್ದಿದ್ದರೆ ದುಡ್ಡು ಅಲ್ಲಿಗೆ ಜಮಾ ಆಗುತ್ತಿತ್ತು, ಆಮೇಲೆ ಅದನ್ನು ವಾಪಸ್ ತರಿಸೋದು ದೊಡ್ಡ ರಗಳೆ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ವ್ಯವಸ್ಥೆಗಳು) ಮಾಡುವವರಿಗೆ ಖಾತೆದಾರರ ಹೆಸರು ಮೊದಲೇ ತೋರಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗಾಗಿ ಬಿಲ್ಲಿನಲ್ಲಿ ಪಾಸ್‌ಬುಕ್‌ನಲ್ಲಿರುವ ಹೆಸರೇ ಇರಲಿ. ನಿಮ್ಮ ತಟ್ಟೆಯ ಬ್ರ್ಯಾಂಡ್ ಹೆಸರು ಹಾಕಿದರೆ, ಪಾರ್ಟಿ ಅಲ್ಲಿ ಬೇರೆ ಹೆಸರು ನೋಡಿ ಸುಮ್ನೆ ಗಾಬರಿಯಾಗುತ್ತಾರೆ.

ಈಗ ಆ ಒಂದೇ ಲೆಡ್ಜರಿನ ವಿಷಯ. ಇದು ಕೋಡ್ ತಪ್ಪಿದ್ದಕ್ಕಿಂತ ದೊಡ್ಡ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ಎರಡು ಖಾತೆ ಅಂದರೆ ಎರಡು ಲೆಡ್ಜರ್. ಈಗಿರುವ 'ಬ್ಯಾಂಕ್' ಲೆಡ್ಜರನ್ನು ಅಳಿಸಲು ಹೋಗಬೇಡಿ. ಅದನ್ನೇ ಆಲ್ಟರ್ (ತಿದ್ದುಪಡಿ) ಮಾಡಿ ಕೆನರಾ ಕರೆಂಟ್ ಖಾತೆ ಅಂತ ಹೆಸರಿಡಿ, ಗ್ರೂಪ್ 'ಬ್ಯಾಂಕ್ ಅಕೌಂಟ್ಸ್' ಇರಲಿ. ಖಾತೆದಾರರ ಹೆಸರು, ನಂಬರ್, ಹೊಸ ಐಎಫ್‌ಎಸ್‌ಸಿ, ಶಾಖೆ ಎಲ್ಲ ಅಲ್ಲೇ ತುಂಬಿ. ಸಿ.ಸಿ. ಖಾತೆಗೆ ಬೇರೆ ಲೆಡ್ಜರ್ ಮಾಡಿ 'ಬ್ಯಾಂಕ್ ಓಸಿಸಿ' ಗ್ರೂಪಿಗೆ ಹಾಕಿ, ಯಾಕೆಂದರೆ ಅದು ನಿಮ್ಮ ಸಾಲ, ಆಸ್ತಿಯ ಕಡೆ ಕೂರಬಾರದು. ಆಮೇಲೆ ಏಪ್ರಿಲ್ 1ರಿಂದ ಇಲ್ಲಿವರೆಗಿನ ಸಿ.ಸಿ. ಎಂಟ್ರಿಗಳನ್ನು ಒಂದೊಂದೇ ತೆಗೆದು ಹೊಸ ಲೆಡ್ಜರಿಗೆ ಬದಲಾಯಿಸಬೇಕು. ಇದಕ್ಕೆ ಅಡ್ಡದಾರಿ ಹುಡುಕಬೇಡಿ, ಎರಡೂ ಖಾತೆಯ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಇಟ್ಟುಕೊಂಡು ಒಂದು ಭಾನುವಾರ ಕೂತರೆ ಮುಗಿಯುತ್ತದೆ. ಏಪ್ರಿಲ್ 1ರ ಆರಂಭದ ಬಾಕಿಯನ್ನೂ ಎರಡಕ್ಕೆ ಬಿಡಿಸಿ. ಅಲ್ಲಿ ಬರೆಯಬೇಕಾದ್ದು ನಿಮ್ಮ ಪುಸ್ತಕದ ಬಾಕಿ, ಪಾಸ್‌ಬುಕ್ಕಿನದಲ್ಲ. ಮಾರ್ಚ್ ಕೊನೆಗೆ ಕೊಟ್ಟ ಚೆಕ್ ಇನ್ನೂ ಪಾಸಾಗಿರದಿದ್ದರೆ ಎರಡೂ ಬೇರೆ ಬೇರೆ ಇರುತ್ತವೆ ಅಲ್ವಾ?

ಟ್ಯಾಲಿಯ ಸೇಲ್ಸ್ ವೋಚರ್ ಟೈಪಿನಲ್ಲಿ (ಮಾರಾಟದ ಬಿಲ್ಲಿನ ಸೆಟ್ಟಿಂಗ್) ಬಿಲ್ಲಿಗೆ ಯಾವ ಬ್ಯಾಂಕ್ ಅಂತ ಡಿಫಾಲ್ಟ್ ಆರಿಸಿ. ಪ್ರಿಂಟ್ ಮಾಡುವಾಗ ಬ್ಯಾಂಕ್ ವಿವರ ತೋರಿಸುವ ಆಯ್ಕೆ ಆನ್ ಇದೆಯಾ ನೋಡಿ. ಒಂದು ಬಿಲ್ಲು ಅಚ್ಚು ಹಾಕಿ, ಪಾಸ್‌ಬುಕ್ ಪಕ್ಕಕ್ಕಿಟ್ಟು ಇನ್ನೊಬ್ಬರ ಕೈಲಿ ಓದಿಸಿ. ಟೈಪ್ ಮಾಡಿದವರ ಕಣ್ಣಿಗೆ ಅವರ ತಪ್ಪು ಕಾಣಲ್ಲ. ಆಮೇಲೆ ಅದೇ ಬಿಲ್ಲು ನೋಡಿಕೊಂಡು ಮನೆಯವರ ಖಾತೆಯಿಂದ ಒಂದು ರೂಪಾಯಿ ಹಾಕಿಸಿ ನೋಡಿ.

ಪಾರ್ಟಿಗಳಿಗೆ ಹೊಸ ವಿವರ ಎಕ್ಸೆಲ್‌ನಲ್ಲಿ ಕಳಿಸುವವರಿಗೆ ಒಂದು ಮಾತು. ಎಕ್ಸೆಲ್ 15 ಅಂಕಿ ದಾಟಿದರೆ ಮುಂದಿನದನ್ನು ಸೊನ್ನೆ ಮಾಡಿಬಿಡುತ್ತದೆ, ಮೊದಲಲ್ಲಿರುವ ಸೊನ್ನೆಯನ್ನು ನುಂಗುತ್ತದೆ. ನಂಬರ್ ಹೊಡೆಯುವ ಮೊದಲೇ ಆ ಕಾಲಂ 'ಟೆಕ್ಸ್ಟ್' ಮಾಡಿಕೊಳ್ಳಿ. ಜೊತೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿ. 'ನಮ್ಮ ಖಾತೆ ಬದಲಾಗಿದೆ' ಅನ್ನುವ ಮೆಸೇಜಿನಿಂದಲೇ ಈಗ ಮೋಸ ಜಾಸ್ತಿ, ಬುದ್ಧಿ ಇರುವ ಪಾರ್ಟಿ ಬರೀ ವಾಟ್ಸಾಪ್ ನಂಬಿ ದುಡ್ಡು ಹಾಕಲ್ಲ.

ಪ್ರಶ್ನೆ: ದುಡ್ಡು ಬರುತ್ತದೆ, ಯಾವ ಬಿಲ್ಲಿಗೆ ಬಂತು ಅಂತ ಗೊತ್ತಾಗಲ್ಲ. ಕೊಟ್ಟವರ ಹೆಸರಲ್ಲೂ ಟ್ಯಾಲಿ ಬಾಕಿ ತೋರಿಸುತ್ತದೆ.
— ಓದುಗರು, ಸಾಗರ

ಉತ್ತರ: ನೀವು ರಸೀದಿ ಎಂಟ್ರಿಯನ್ನು 'ಆನ್ ಅಕೌಂಟ್' (ಯಾವ ಬಿಲ್ಲಿಗೆ ಅಂತ ಹೇಳದೆ) ಅಂತ ಹಾಕುತ್ತಿದ್ದೀರಿ ಅನಿಸುತ್ತದೆ. ಪಾರ್ಟಿಯ ಲೆಡ್ಜರಿನಲ್ಲಿ ಬಿಲ್-ಬೈ-ಬಿಲ್ ಆನ್ ಮಾಡಿ, ದುಡ್ಡು ಬಂದಾಗ 'ಅಗೇನ್ಸ್ಟ್ ರೆಫ್' ಆರಿಸಿ ಆ ಬಿಲ್ಲನ್ನೇ ತೋರಿಸಿ. ಯುಟಿಆರ್ ನಂಬರನ್ನೂ (ದುಡ್ಡು ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ನಂಬರ್) ಎಂಟ್ರಿಯಲ್ಲಿ ಬರೆದಿಡಿ. ನೆಫ್ಟ್ ಆದರೆ 16 ಅಕ್ಷರ, 2 ಲಕ್ಷ ಮತ್ತು ಮೇಲಿನ ಮೊತ್ತ ಆರ್‌ಟಿಜಿಎಸ್‌ನಲ್ಲಿ ಬಂದಿದ್ದರೆ 22. ಬ್ಯಾಂಕಿನ ಎಸ್ಸೆಮ್ಮೆಸ್ ನಂಬಿ ಎಂಟ್ರಿ ಹಾಕಬೇಡಿ. ಮಳೆಗಾಲದಲ್ಲಿ ಮೂರು ದಿನ ಟವರ್ ಇಲ್ಲದೆ ನಾಲ್ಕನೇ ದಿನ ಎಲ್ಲ ಮೆಸೇಜೂ ಒಟ್ಟಿಗೆ ಬೀಳುವ ಊರು ನಮ್ಮದು, ತಾರೀಖೆಲ್ಲ ಕಲಸಿಹೋಗುತ್ತದೆ. ಸ್ಟೇಟ್‌ಮೆಂಟ್ ತೆಗೆದು ಅದರಲ್ಲಿರುವ ತಾರೀಖನ್ನೇ ಹಾಕಿ.