ಜ್ವರ ಬಿಟ್ಟಿತು, ಬೆರಳು ಮಡಚುತ್ತಿಲ್ಲ!

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಎಂಟು ತಿಂಗಳ ಹಿಂದೆ ಚಿಕೂನ್‌ಗುನ್ಯಾ ಬಂದಿತ್ತು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಬೆರಳಿನ ನೋವು ಮಾತ್ರ ಬಿಟ್ಟಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟೋಕೆ ಆಗಲ್ಲ, ಹಾಲಿನ ಪ್ಯಾಕೆಟ್ ಕತ್ತರಿಸೋಕೂ ಮಗನನ್ನು ಕರೀಬೇಕು. ಆರ್‌ಎ ಫ್ಯಾಕ್ಟರ್ ಅನ್ನೋ ರಕ್ತ ಪರೀಕ್ಷೆ ಪಾಸಿಟಿವ್ ಬಂದಿದೆ. ಇದು ಸಂಧಿವಾತ, ಸಾಯೋವರೆಗೂ ಬಿಡಲ್ಲ ಅಂತಾರೆ ಪಕ್ಕದ ಮನೆಯವರು. ಸೊಳ್ಳೆ ಕಚ್ಚಿದ್ದಕ್ಕೆ ಸಂಧಿವಾತ ಬರುತ್ತಾ? ಮಕ್ಕಳಿಗೂ ಅಂಟುತ್ತಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆ ಮೊದಲು. ಅಂಟಲ್ಲ.

ಇನ್ನು ಆ ರಿಪೋರ್ಟ್. ಆರ್‌ಎ ಫ್ಯಾಕ್ಟರ್ ಒಂದನ್ನೇ ನೋಡಿ ಸಂಧಿವಾತ (ರುಮಟಾಯ್ಡ್ ಆರ್ಥ್ರೈಟಿಸ್) ಅನ್ನೋ ಹಾಗಿಲ್ಲ. ಕೆಲವು ವೈರಲ್ ಸೋಂಕುಗಳ ನಂತರ, ಅಷ್ಟೇ ಯಾಕೆ, ಆರೋಗ್ಯವಾಗಿರುವ ಕೆಲವು ವಯಸ್ಸಾದವರಲ್ಲೂ ಅದು ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಅಂತ ಇನ್ನೊಂದು ರಕ್ತ ಪರೀಕ್ಷೆ ಇದೆ. ಸಂಧಿವಾತದ ವಿಷಯದಲ್ಲಿ ಅದರ ಮಾತಿಗೆ ತೂಕ ಜಾಸ್ತಿ, ಅದನ್ನು ಮಾಡಿಸಿ.

ವೈರಸ್‌ಗೂ ಇಂಥ ಕಾಯಿಲೆಗೂ ಸಂಬಂಧ ಇರೋದು ನಿಜ. ಕಳೆ ಕೀಳಲು ಹೊಲಕ್ಕಿಳಿದವರು, ಪೈರಿನ ಹಾಗೇ ಕಾಣುವ ಹುಲ್ಲನ್ನು ಕೀಳ್ತಾ ಕೀಳ್ತಾ ಪೈರಿಗೂ ಕೈ ಹಾಕಿಬಿಡ್ತಾರಲ್ಲ, ಹಾಗೆ ವೈರಸ್ಸನ್ನು ಹುಡುಕಿ ಹೊಡೆಯುವ ನಮ್ಮ ರೋಗನಿರೋಧಕ ಶಕ್ತಿ ಒಮ್ಮೊಮ್ಮೆ ನಮ್ಮದೇ ನರಕ್ಕೋ ಕೀಲಿಗೋ ತಿರುಗಿ ಬೀಳುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಕಾಯಿಲೆ ಕೇಳಿರಬಹುದು. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯ ದಾಖಲೆ ಜಾಲಾಡಿದ ಅಧ್ಯಯನವೊಂದು 2022ರಲ್ಲಿ ಬಂತು. ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಈ ಕಾಯಿಲೆಯ ಅಪಾಯ 32 ಪಟ್ಟು ಏರಿತ್ತು! ಆದರೆ ತಮಾಷೆ ನೋಡಿ, ಆ ವೈರಸ್ ದೊಡ್ಡವರಲ್ಲಿ ಹೆಚ್ಚೂಕಡಿಮೆ ಎಲ್ಲರ ಮೈಯಲ್ಲೂ ಇದೆ, ಕಾಯಿಲೆ ಬರೋದು ಎಲ್ಲೋ ಕೆಲವರಿಗೆ. ವೈರಸ್ ಒಂದೇ ಸಾಲದು, ಮೈಯ ಗುಣವೂ ಸೇರಬೇಕು.

ಚಿಕೂನ್‌ಗುನ್ಯಾಕ್ಕೆ ಬರೋಣ. ಹೆಸರೇ ಆಫ್ರಿಕಾದ ಮಕೊಂಡೆ ಭಾಷೆಯದು, ನೋವಿಗೆ ಮೈ ಬಗ್ಗಿಹೋಗೋದು ಅಂತ ಅರ್ಥ. 2006ರಲ್ಲಿ ನಮ್ಮ ರಾಜ್ಯದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ಇದ್ದವು, ಊರಿಗೆ ಊರೇ ಗೋಡೆ ಹಿಡಿದು ನಡೆದದ್ದು ನೆನಪಿದೆ ಅಲ್ವಾ? ಅವರೆಲ್ಲ ಜೀವನಪೂರ್ತಿ ಸಂಧಿವಾತದ ರೋಗಿಗಳಾಗಲಿಲ್ಲ. ಬಹಳ ಜನರಿಗೆ ನೋವು ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ, ಕೆಲವರಿಗೆ ವರ್ಷ ಮೀರಿ ಎಳೆಯುತ್ತದೆ, ಇನ್ನು ಕೆಲವರಿಗೆ ನೋಡೋಕೆ ಥೇಟ್ ಸಂಧಿವಾತದ ಹಾಗೇ ಬೆರಳಿನ ಬುಡ, ಮಣಿಕಟ್ಟು ಊದಿಕೊಳ್ಳುತ್ತದೆ. ನೀವು ಯಾವ ಗುಂಪು ಅಂತ ಪತ್ರದಲ್ಲಿ ಹೇಳಲು ಬರಲ್ಲ.

ಒಂದು ಕೆಲಸ ಮಾಡಿ. ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಿ. ಪೂರ್ತಿ ಮುಚ್ಚಲು ಎಷ್ಟು ಹೊತ್ತು ಬೇಕು ಅಂತ ಒಂದು ವಾರ ಕ್ಯಾಲೆಂಡರ್‌ನಲ್ಲೇ ಬರೆದಿಡಿ. ಹತ್ತು ನಿಮಿಷಕ್ಕೆ ಸಡಿಲವಾಗೋದೇ ಬೇರೆ, ಗಂಟೆಗಟ್ಟಲೆ ಬಿಗಿ ಇರೋದೇ ಬೇರೆ. ಎಂಟು ತಿಂಗಳಾಗಿದೆ ಅಂದಮೇಲೆ ಕೀಲುರೋಗ ತಜ್ಞರ (ರುಮಟಾಲಜಿಸ್ಟ್) ಹತ್ತಿರ ಒಮ್ಮೆ ಹೋಗಲೇಬೇಕು, ಆ ಕ್ಯಾಲೆಂಡರ್ ಹಾಳೆ ಜೊತೆಗಿರಲಿ. ನಿಜಕ್ಕೂ ಸಂಧಿವಾತವೇ ಆಗಿದ್ದರೂ ಬೇಗ ಔಷಧ ಶುರುಮಾಡಿದಷ್ಟೂ ಕೀಲು ಸೊಟ್ಟಗಾಗೋದು ತಪ್ಪುತ್ತದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ, ಕಿಡ್ನಿಗೆ ಪೆಟ್ಟು. ಡಾಕ್ಟರು ಮೆಥೋಟ್ರೆಕ್ಸೇಟ್ ಅನ್ನೋ ಸಂಧಿವಾತದ ಔಷಧ ಬರೆದರೆ ಅದು ವಾರಕ್ಕೆ ಒಂದೇ ದಿನ. ದಿನಾ ತಗೊಂಡು ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ.

ಮತ್ತೆ, ಮಗ ಹೇಗೂ ಅಡುಗೆಮನೆಗೆ ಬರ್ತಿದ್ದಾನಲ್ಲ, ರೊಟ್ಟಿಯನ್ನೂ ಅವನೇ ತಟ್ಟಲಿ ಬಿಡಿ.